ನಿಮಗಿದು ಗೊತ್ತೆ? ಅಪ್ಪನಿಗೆ ಸಿಗದ ಆಸ್ಪತ್ರೆ ಊರಿಗೆ ಸಿಕ್ಕಿತು

ಹೆತ್ತವರ ಹೆಸರಲ್ಲಿ ಶಾಲೆಗೆ ದತ್ತಿನಿಧಿ ಇಡುವುದು ನಮ್ಮಲ್ಲಿ ಹೊಸತಲ್ಲ. ಆಫ್ರಿಕಾದ ಸೆನೆಗಲ್‌ ದೇಶದ ಫುಟ್‌ಬಾಲ್ ತಾರೆ ಸಾದಿಯೊ ಮಾನೆ ನಡೆದದ್ದೂ ಇಂಥದೇ ಹಾದಿಯಲ್ಲಿ.

● 1992ರಲ್ಲಿ ಹುಟ್ಟಿದ ಮಾನೆ ಅವರ ಊರು ಬಂಬಾಲಿ ಎಂಬ ಹಳ್ಳಿ. ತಂದೆ ಅಲ್ಲಿನ ಮಸೀದಿಯ ಇಮಾಮ್.

● ಮಾನೆಗೆ ಸುಮಾರು ಏಳು ವರ್ಷವಾಗಿದ್ದಾಗ ತಂದೆ ಕಾಯಿಲೆಯಿಂದ ತೀರಿಕೊಂಡರು. ಊರಲ್ಲಿ ಆಸ್ಪತ್ರೆಯೇ ಇರಲಿಲ್ಲ.

● ಲಿವರ್‌ಪೂಲ್‌ ತಂಡದಲ್ಲಿ ಆಡಿ ಗಳಿಸಿದ ಹಣದಲ್ಲಿ ಊರಿಗೆ ಮೊದಲು ಶಾಲೆ ಕಟ್ಟಿಸಿದರು. 2021ರಲ್ಲಿ ಆಸ್ಪತ್ರೆಯೂ ಬಾಗಿಲು ತೆರೆಯಿತು. ಸುತ್ತಲಿನ ಹಳ್ಳಿಗಳಿಗೂ ಅದೇ ಆಸರೆ.

● ಸಮಾಜಸೇವೆ ಮಾಡುವ ಫುಟ್‌ಬಾಲ್ ಆಟಗಾರರಿಗೆಂದು 2022ರಲ್ಲಿ ಆರಂಭವಾದ ಸಾಕ್ರಟಿಸ್ ಪ್ರಶಸ್ತಿ ಮೊದಲು ಸಂದದ್ದು ಇವರಿಗೇ.

ಹೆತ್ತವರ ಋಣ ತೀರಿಸಲಾಗದು ನಿಜ; ಆದರೆ ಅವರು ಪಟ್ಟ ಕಷ್ಟ ಊರಿನ ಇನ್ನೊಂದು ಮನೆಗೆ ಬಾರದಂತೆ ನೋಡಿಕೊಳ್ಳಬಹುದು.