ಹಿಂಡಿ ಬಿಟ್ಟವರು, ಚಹಾ ಬಿಡದವರು

“ಎಣ್ಣಿ ಬಿಟ್ಟೇನ್ರೀ, ತುಪ್ಪಾನೂ ಬಿಟ್ಟೇನಿ. ಆದ್ರೂ ತೂಕ ಇಳಿವಲ್ದು ನೋಡ್ರಿ.”

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಾಲ್ಕು ಜನ ಹೆಣ್ಣುಮಕ್ಕಳು ಕೂತು ತೂಕದ ಸುದ್ದಿ ತೆಗೆದರೆ ಈ ಮಾತು ಬಂದೇ ಬರುತ್ತದೆ. ತೂಕ ಇಳಿಸಬೇಕು ಅಂದ ಕೂಡಲೇ ನಮ್ಮ ತಾಟಿನಿಂದ ಮೊದಲು ಎದ್ದು ಹೋಗುವುದು ರೊಟ್ಟಿ ಮೇಲಿನ ಬೆಣ್ಣೆ. ಆಮೇಲೆ ಅನ್ನದ ಮೇಲಿನ ತುಪ್ಪ. ಮೂರನೆಯದು ಶೇಂಗಾ ಹಿಂಡಿ, “ಅದರಾಗ ಬರೇ ಎಣ್ಣಿ ಇರತೈತಿ” ಅಂತ. ಉಳಿಯುವುದು ಒಣ ರೊಟ್ಟಿ, ನೀರುಪಲ್ಯ, ಅನ್ನ-ಸಾರು. ಸಂಜೆ ನಾಲ್ಕಾದರೆ ಹೊಟ್ಟೆ ಕರಕರ ಅನ್ನುತ್ತದೆ. ಆಗ ಸಕ್ಕರೆ ಹಾಕಿದ ಚಹಾ, ಜೊತೆಗೆ ನಾಲ್ಕು ಬಿಸ್ಕತ್ತು ಇಲ್ಲವೇ ಎರಡು ಟೋಸ್ಟ್. “ಎಣ್ಣಿ ಇಲ್ಲಲ್ಲ, ನಡೀತೈತಿ” ಅನ್ನುವ ಸಮಾಧಾನ ಬೇರೆ.

ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎಂಬುದನ್ನು ನಮ್ಮ ಊಟದ ಲೆಕ್ಕದಲ್ಲೇ ನೋಡೋಣ.

ಕೊಬ್ಬಿಗೆ ಕೆಟ್ಟ ಹೆಸರು ಬಂದದ್ದು ಹೇಗೆ?

ಕೊಬ್ಬಿನ ಮೇಲಿನ ಅನುಮಾನಕ್ಕೆ ಒಂದು ಆಧಾರ ಇದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಪ್ರೋಟೀನ್‌ನಲ್ಲೂ 4. ಎರಡು ಪಟ್ಟಿಗಿಂತ ಜಾಸ್ತಿ ಕ್ಯಾಲರಿ ಇರುವುದನ್ನು ಬಿಟ್ಟರೆ ತೂಕ ಬೇಗ ಇಳಿಯಬೇಕು ಅನಿಸುವುದು ಸಹಜ. ಅಮೆರಿಕದಲ್ಲಿ 1977ರಲ್ಲಿ ಸೆನೆಟ್ ಸಮಿತಿಯೊಂದು ಕೊಬ್ಬು ಕಡಿಮೆ ಮಾಡಿ ಎಂದು ಜನರಿಗೆ ಸಲಹೆ ಕೊಟ್ಟಿತು. ಅಲ್ಲಿಂದ ಮುಂದೆ ‘ಲೋ ಫ್ಯಾಟ್’ ಎಂಬ ಚೀಟಿ ಅಂಟಿಸಿಕೊಂಡ ಬಿಸ್ಕತ್ತು, ಮೊಸರು, ಐಸ್‌ಕ್ರೀಮ್ ಅಂಗಡಿ ತುಂಬಿದವು. ಕೊಬ್ಬು ತೆಗೆದ ಮೇಲೆ ರುಚಿ ಬರಬೇಕಲ್ಲ? ಎಷ್ಟೋ ತಿನಿಸುಗಳಲ್ಲಿ ಆ ಜಾಗಕ್ಕೆ ಸಕ್ಕರೆ ಬಂತು.

ಆಮೇಲೆ ದೊಡ್ಡ ಅಧ್ಯಯನಗಳು ನಡೆದವು. 50 ದಾಟಿದ 48 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಕೊಬ್ಬು ಕಡಿಮೆ ಮಾಡಿದ ಗುಂಪಿನವರು ಮೊದಲ ವರ್ಷ ಸರಾಸರಿ 2 ಕಿಲೊದಷ್ಟು ಇಳಿದಿದ್ದರು. ಏಳು ವರ್ಷ ದಾಟುವ ಹೊತ್ತಿಗೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಅರ್ಧ ಕಿಲೊಗಿಂತಲೂ ಕಡಿಮೆ.

2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಸಂಗಡಿಗರು 609 ಜನರನ್ನು ಎರಡು ಪಂಗಡ ಮಾಡಿ ಒಂದು ವರ್ಷ ನೋಡಿದರು. ಒಂದು ಪಂಗಡಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ. ಮೊದಲನೆಯವರು ಸರಾಸರಿ 5.3 ಕಿಲೊ ಇಳಿದರು, ಎರಡನೆಯವರು 6 ಕಿಲೊ. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲ. ಆದರೆ ಎರಡೂ ಪಂಗಡಕ್ಕೆ ಒಂದೇ ಮಾತು ಹೇಳಿದ್ದರು: ಸಕ್ಕರೆ ಬಿಡಿ, ಮೈದಾದಂಥ ನುಣ್ಣನೆ ಹಿಟ್ಟಿನ ತಿನಿಸು ಬಿಡಿ, ತರಕಾರಿ ಜಾಸ್ತಿ ತಿನ್ನಿ. ನಾವು ಮಾಡುವುದು ಇದರ ಉಲ್ಟಾ. ಹಿಂಡಿ ಬಿಡುತ್ತೇವೆ, ಟೋಸ್ಟ್ ಹಿಡಿಯುತ್ತೇವೆ.

ನಮ್ಮ ತಾಟಿನ ಲೆಕ್ಕ

ಜೋಳದ ರೊಟ್ಟಿಗೆ ಎಣ್ಣೆ ಬೇಕಿಲ್ಲ. ಬಿಸಿನೀರು, ಹಿಟ್ಟು, ಬಡಿಯುವ ಕೈ ಇದ್ದರೆ ಸಾಕು. ಹಾಗಾಗಿ ನಮ್ಮ ಹಿರಿಯರು ಕೊಬ್ಬನ್ನು ರೊಟ್ಟಿಯ ಪಕ್ಕದಲ್ಲಿ ಇಟ್ಟುಕೊಂಡರು. ಒಂದು ಚಮಚ ಶೇಂಗಾ ಹಿಂಡಿ, ಇಲ್ಲ ಗುರೆಳ್ಳು ಹಿಂಡಿ, ಇಲ್ಲ ಅಗಸಿ ಹಿಂಡಿ. ಮೇಲೆ ಗಟ್ಟಿ ಮೊಸರು. ಬದಿಗೆ ಉಳ್ಳಾಗಡ್ಡಿ, ಸೌತಿಕಾಯಿ, ಮೆಂತ್ಯದ ಸೊಪ್ಪು. ಮಡಿಕಿ ಕಾಳಿನ ಪಲ್ಯ. ಈ ತಾಟಿನಲ್ಲಿ ಕೊಬ್ಬು ಇದೆ, ಆದರೆ ಅಳತೆಯಲ್ಲಿದೆ.

100 ಗ್ರಾಂ ಶೇಂಗಾದಲ್ಲಿ ಹತ್ತಿರ ಹತ್ತಿರ 49 ಗ್ರಾಂ ಕೊಬ್ಬು, 25 ಗ್ರಾಂ ಪ್ರೋಟೀನ್, 567 ಕ್ಯಾಲರಿ ಇರುತ್ತದೆ. ಈ ಅಂಕಿ ನೋಡಿದವರು ಹೆದರುತ್ತಾರೆ. ಆದರೆ 100 ಗ್ರಾಂ ಹಿಂಡಿ ಯಾರು ತಿನ್ನುತ್ತಾರೆ? ಊಟಕ್ಕೆ ಒಂದು ದೊಡ್ಡ ಚಮಚ, 10 ಗ್ರಾಂ ಅಂತ ಹಿಡಿದರೂ 57 ಕ್ಯಾಲರಿ. ಅದರ ಜೊತೆ ಎರಡೂವರೆ ಗ್ರಾಂ ಪ್ರೋಟೀನ್, ಒಂದಿಷ್ಟು ನಾರು.

ಈಗ ಚಹಾದ ಲೆಕ್ಕ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ. ಒಟ್ಟು 40 ಗ್ರಾಂ ಸಕ್ಕರೆ, 160 ಕ್ಯಾಲರಿ. ಹೆಚ್ಚು ಕಡಿಮೆ ಮೂರು ಚಮಚ ಹಿಂಡಿಯಷ್ಟು. ಇದರಲ್ಲಿ ಪ್ರೋಟೀನ್ ಇಲ್ಲ, ನಾರಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಬೆರೆಸಿದ ಸಕ್ಕರೆ ದಿನದ ಕ್ಯಾಲರಿಯ ಶೇ 10ಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲರಿಯ ಊಟಕ್ಕೆ ಅದು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಚಲೋ ಎನ್ನುತ್ತದೆ. ಬರೀ ಚಹಾದಲ್ಲೇ 40 ಗ್ರಾಂ ಆಗಿ ಹೋಯಿತು, ಬಿಸ್ಕತ್ತು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಸಕ್ಕರೆ ನಮಗೆ ಪರಕೀಯವಲ್ಲ, ಅದೇ ಕಷ್ಟ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ ಇದೆ. ಹಿಡಕಲ್ ಅಣೆಕಟ್ಟೆಯ ನೀರು ಬಂದ ಮೇಲೆ ಘಟಪ್ರಭಾ ದಂಡೆಯ ಹೊಲಗಳು ಕಬ್ಬಿನ ಹೊಲಗಳಾದವು. ಬಂದವರಿಗೆ ಸಿಹಿ ಚಹಾ ಕೊಡದಿದ್ದರೆ ಮರ್ಯಾದೆ ಕೊಟ್ಟಂತೆ ಆಗುವುದಿಲ್ಲ. “ಸಕ್ಕರಿ ಕಮ್ಮಿ ಹಾಕ್ರಿ” ಅಂದವರನ್ನು “ಯಾಕ್ರೀ, ಶುಗರ್ ಐತೇನು?” ಅಂತ ಕೇಳುವ ನಾಡು ನಮ್ಮದು. ತುಪ್ಪ ಬೇಡ ಅಂದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಕೊಬ್ಬು ಏನು ಕೆಲಸ ಮಾಡುತ್ತದೆ?

ಎ, ಡಿ, ಇ, ಕೆ ಎಂಬ ನಾಲ್ಕು ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಊಟದಲ್ಲಿ ಕೊಬ್ಬು ಬೇಕು. ಗಜ್ಜರಿ, ರಾಜಗಿರಿ ಸೊಪ್ಪು ಬರೀ ನೀರಲ್ಲಿ ಬೇಯಿಸಿ ತಿಂದರೆ ಅವುಗಳಲ್ಲಿರುವ ಎ ವಿಟಮಿನ್‌ನ ಮೂಲವಸ್ತು ಪೂರ್ತಿ ದಕ್ಕುವುದಿಲ್ಲ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಬಿದ್ದರೆ ದಕ್ಕುತ್ತದೆ. ದೇಹ ತಾನೇ ತಯಾರಿಸಿಕೊಳ್ಳಲಾರದ, ಊಟದಿಂದಲೇ ಬರಬೇಕಾದ ಎರಡು ಬಗೆಯ ಕೊಬ್ಬಿನಾಮ್ಲಗಳೂ ಇವೆ. ಒಂದು ಕುಸುಬಿ, ಗುರೆಳ್ಳು, ಸೂರ್ಯಕಾಂತಿಯಲ್ಲಿ ಹೇರಳ. ಇನ್ನೊಂದಕ್ಕೆ ಒಮೆಗಾ-3 ಎನ್ನುತ್ತಾರೆ. ಅದು ಅಗಸಿಯಲ್ಲಿ ಚೆನ್ನಾಗಿದೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿದರೆ ಮೈಗೆ ಹತ್ತುತ್ತದೆ. ನಮ್ಮ ಅಜ್ಜಿಯಂದಿರು ಅದನ್ನು ಹಿಂಡಿ ಮಾಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಕೆಲಸ, ಹಸಿವು ತಡೆಯುವುದು. ಪ್ರೋಟೀನ್, ನಾರು, ಸ್ವಲ್ಪ ಕೊಬ್ಬು ಕೂಡಿದ ಊಟ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಒಣ ಅವಲಕ್ಕಿ, ಚುರಮುರಿ, ಅನ್ನ-ಸಾರು ಮಾತ್ರ ತಿಂದವರಿಗೆ ಬೇಗ ಹಸಿವಾಗುತ್ತದೆ. ಸಂಜೆ ಬಸ್‌ಸ್ಟ್ಯಾಂಡ್ ಬದಿಯ ಮಿರ್ಚಿ ಭಜಿಯ ವಾಸನೆ ಆಗ ಕೈಹಿಡಿದು ಎಳೆಯುತ್ತದೆ. ಮಧ್ಯಾಹ್ನ ಉಳಿಸಿದ ಒಂದು ಚಮಚ ತುಪ್ಪದ ಬಡ್ಡಿಯನ್ನೆಲ್ಲ ಭಜಿ ವಸೂಲು ಮಾಡುತ್ತದೆ.

ಹಾಗಂತ ತುಪ್ಪದ ಬಟ್ಟಲು?

ಬೇಡ. ಈಚೆಗೆ ಇನ್ನೊಂದು ಪಂಗಡ ಹುಟ್ಟಿದೆ. ಮೊಬೈಲಿನಲ್ಲಿ ನೋಡಿ ‘ಕೀಟೋ’ ಶುರು ಮಾಡಿದವರು. ಕಾಫಿಗೆ ಬೆಣ್ಣೆ, ತತ್ತಿಗೆ ತುಪ್ಪ, ರೊಟ್ಟಿ ಪೂರಾ ಬಂದ್. ಮೊದಲ ಎರಡು ವಾರ ತೂಕ ಸರ್ರನೆ ಇಳಿಯುತ್ತದೆ. ಅದರಲ್ಲಿ ದೇಹದ ನೀರಿನ ಪಾಲೇ ದೊಡ್ಡದು. ಮನೆಯಲ್ಲಿ ಎಲ್ಲರೂ ರೊಟ್ಟಿ ಬಡಿದುಕೊಂಡು ತಿನ್ನುವಾಗ ಒಬ್ಬರೇ ಎಷ್ಟು ದಿನ ಹೀಗೆ ಇದ್ದಾರು? ಬಿಟ್ಟ ದಿನವೇ ತೂಕ ವಾಪಸು ಹೊರಡುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥದ್ದಕ್ಕೆ ಕೈ ಹಾಕುವುದು ಅಪಾಯ. ಸಕ್ಕರೆ ಏಕಾಏಕಿ ಇಳಿಯಬಹುದು. ಕೆಲವು ಗುಳಿಗೆಗಳ ಜೊತೆ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರುವಂತಾಗಬಹುದು.

ತುಪ್ಪ, ಬೆಣ್ಣೆಯಲ್ಲಿರುವುದು ಹೆಚ್ಚಾಗಿ ಸ್ಯಾಚುರೇಟೆಡ್ ಕೊಬ್ಬು. ಇದು ಜಾಸ್ತಿಯಾದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ದಿನದ ಕ್ಯಾಲರಿಯಲ್ಲಿ ಒಟ್ಟು ಕೊಬ್ಬು ಶೇ 30 ಮೀರದಿರಲಿ, ಸ್ಯಾಚುರೇಟೆಡ್ ಕೊಬ್ಬು ಶೇ 10 ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿ ಅನ್ನಕ್ಕೆ ಒಂದು ಸಣ್ಣ ಚಮಚ ತುಪ್ಪ ಹಾಕಿಕೊಂಡರೆ 45 ಕ್ಯಾಲರಿ. ಅದನ್ನು ತಾಟಿನಲ್ಲಿ ಹೊಂದಿಸಬಹುದು. ಹೋಳಿಗೆ ಮೇಲೆ ಹರಿಯುವಂತೆ ಸುರಿದದ್ದನ್ನು ಹೊಂದಿಸುವುದು ಕಷ್ಟ.

“ನಮ್ಮ ಮುತ್ಯಾ ದಿನಾ ಬಟ್ಟಲ ತುಪ್ಪ ಕುಡೀತಿದ್ದಾ, ತೊಂಬತ್ತು ವರ್ಷ ಬದುಕಿದಾ” ಅನ್ನುವವರು ಮುತ್ಯಾನ ಕೆಲಸದ ಲೆಕ್ಕವನ್ನೂ ಇಡಬೇಕು. ನಸುಕಿನಲ್ಲಿ ಎದ್ದು ಎತ್ತು ಹೂಡಿ ರಂಟೆ ಹೊಡೆದು, ಹೊತ್ತು ಮುಳುಗುವ ತನಕ ಹೊಲದಲ್ಲಿ ಇದ್ದವರು ಅವರು. ಈಗ ಟ್ರ್ಯಾಕ್ಟರ್ ಉಳುತ್ತದೆ, ಹೊಲಕ್ಕೆ ಬೈಕ್ ಹೋಗುತ್ತದೆ, ಮನೆಯಲ್ಲಿ ಮಿಕ್ಸಿ, ನಳದ ನೀರು. ಗೋಕಾಕದ ಕರದಂಟೂ ಇದೇ ಲೆಕ್ಕದ್ದು. ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಬೆಲ್ಲ ಎಲ್ಲ ಕೂಡಿದ ಗಟ್ಟಿ ತಿನಿಸು. ಮೈಮುರಿದು ದುಡಿಯುವವರಿಗೆ, ಬಾಣಂತಿಯರಿಗೆ ಚೆನ್ನಾಗಿ ಒದಗುತ್ತದೆ. ಟಿವಿ ಮುಂದೆ ಕೂತು ಡಬ್ಬಿ ಖಾಲಿ ಮಾಡಿದರೆ ಕರದಂಟಿನದೇನು ತಪ್ಪು? ತೂಕ ಇಳಿಸುವವರೂ ಒಂದು ತುಂಡು ತಿನ್ನಬಹುದು, ಆ ದಿನದ ಸಿಹಿ ಅದೊಂದೇ ಆಗಿದ್ದರೆ.

ಒಣ ರೊಟ್ಟಿ ಯಾರ ಪಾಲಿಗೆ?

ಈ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಆಡಬೇಕು. ಗಂಡಸರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ಕೊನೆಗೆ ಉಣ್ಣುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ತೂಕ ಇಳಿಸಲು ಹೊರಟರೆ ಮೊದಲೇ ಕಡಿಮೆ ಇದ್ದ ಹಾಲು-ಮೊಸರು, ಕಾಳು, ಹಿಂಡಿಯನ್ನೇ ಇನ್ನಷ್ಟು ಕಡಿಮೆ ಮಾಡುತ್ತಾರೆ. ಅನ್ನ, ರೊಟ್ಟಿ ಅಷ್ಟೇ ಇರುತ್ತವೆ. ಆರು ತಿಂಗಳಲ್ಲಿ ಕೂದಲು ಉದುರುತ್ತದೆ, ಸುಸ್ತು ಶುರುವಾಗುತ್ತದೆ, ಸೊಂಟದ ಸುತ್ತಳತೆ ಮಾತ್ರ ಹಾಗೇ ಉಳಿಯುತ್ತದೆ.

“ಏನವಾ, ಒಣಾ ರೊಟ್ಟಿ ತಿಂತಿ? ಮೈಯಾಗ ಶಕ್ತಿ ಹೆಂಗ ಬರಬೇಕು?” ಅಂತ ಅತ್ತೆ ಕೇಳಿದರೆ ಸೊಸೆಗೆ ಕಿರಿಕಿರಿ. ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಸೊಸೆಯ ಹತ್ತಿರ ಇದೆ: ರೊಟ್ಟಿ ಮೂರರಿಂದ ಎರಡಕ್ಕೆ ಇಳಿಯಬೇಕು, ಹಿಂಡಿ-ಮೊಸರು-ಕಾಳು ಉಳಿಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯೊಂದು 2025ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರವಾಗಿದೆ. ನಮ್ಮ ದೇಶದ ಊಟದ ಕ್ಯಾಲರಿಯಲ್ಲಿ ಶೇ 62ರಷ್ಟು ಅಕ್ಕಿ, ಹಿಟ್ಟು, ಸಕ್ಕರೆಯಂಥ ಪಿಷ್ಟ ಪದಾರ್ಥಗಳಿಂದಲೇ ಬರುತ್ತದೆ, ಪ್ರೋಟೀನ್ ಕಡಿಮೆ. ಈ ಪಿಷ್ಟದಲ್ಲಿ ಸ್ವಲ್ಪ ತೆಗೆದು ಆ ಜಾಗಕ್ಕೆ ಕಾಳು, ಹಾಲು-ಮೊಸರು, ತತ್ತಿ, ಮೀನಿನ ಪ್ರೋಟೀನ್ ತಂದರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆ ಎಂದು ಅದು ಕಂಡುಕೊಂಡಿತು.

ಎಣ್ಣೆ ಡಬ್ಬಿಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ದಿನದ ಊಟಕ್ಕೆ ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ ಇಟ್ಟಿದ್ದಾರೆ. ಶೇಂಗಾ, ಎಳ್ಳು, ಅಗಸಿಯಂಥವಕ್ಕೆ ಬೇರೆಯೇ 35 ಗ್ರಾಂ ಇದೆ. ಅಂದರೆ ಹಿಂಡಿ ಆ ತಾಟಿನಲ್ಲೇ ಕೂತಿದೆ, ಓಡಿಸಬೇಕಾಗಿಲ್ಲ.

ಇದನ್ನು ಮನೆ ಲೆಕ್ಕಕ್ಕೆ ತರುವುದು ಸುಲಭ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಕಿಲೊ 240 ಗ್ರಾಂ. ಒಂದು ಲೀಟರ್ ಎಣ್ಣೆ ತೂಗುವುದು 910 ಗ್ರಾಂ ಆಸುಪಾಸು. ತುಪ್ಪವೂ ಸೇರಿ ಮೂರೂವರೆ ಪ್ಯಾಕೆಟ್ಟು ದಾಟಬಾರದು. ತೂಕ ಇಳಿಸುವವರು ತಲೆಗೆ 20 ಗ್ರಾಂ ಇಟ್ಟುಕೊಂಡರೆ ಎರಡೂವರೆ ಪ್ಯಾಕೆಟ್ಟಿನ ಸುತ್ತ ಬರುತ್ತದೆ. ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಪ್ರಧಾನಿ ನರೇಂದ್ರ ಮೋದಿ 2025ರ ಫೆಬ್ರುವರಿಯಲ್ಲಿ ‘ಮನ್ ಕೀ ಬಾತ್’ನಲ್ಲಿ ಹೇಳಿದ್ದು ನೆನಪಿರಬಹುದು. ಹತ್ತು ಕಡಿಮೆ ಮಾಡಬೇಕಾದರೆ ಈಗ ಎಷ್ಟು ಖರ್ಚಾಗುತ್ತಿದೆ ಅನ್ನುವುದು ಮೊದಲು ಗೊತ್ತಿರಬೇಕು. ಕ್ಯಾನಿನಿಂದ ಬಾಣಲೆಗೆ ನೇರ ಸುರಿಯುವ ಮನೆಯಲ್ಲಿ ಅದು ಗೊತ್ತಾಗುವುದಿಲ್ಲ. ಚಮಚದಿಂದ ಹಾಕಿ. ಎಣ್ಣಗಾಯಿಯಲ್ಲಿ ಎಣ್ಣೆ ತೇಲಬೇಕು ಎಂಬ ಹಟ ಬಿಡಿ. ಶೇಂಗಾಪುಡಿಯ ಎಣ್ಣೆಯೇ ಒಂದಿಷ್ಟು ಬಿಡುತ್ತದೆ.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಕರಿದು ಕೆಟ್ಟ ಎಣ್ಣೆಗೆ ನಮ್ಮ ದೇಶದಲ್ಲಿ 2018ರಿಂದ ಕಾನೂನಿನ ಮಿತಿ ಇದೆ. ವನಸ್ಪತಿ, ಬೇಕರಿಗಳಲ್ಲಿ ಇರಬಹುದಾದ ಟ್ರಾನ್ಸ್ ಕೊಬ್ಬನ್ನು 2022ರಿಂದ ಶೇ 2ಕ್ಕೆ ಇಳಿಸಿದ್ದಾರೆ. ಎಲ್ಲ ಕೊಬ್ಬಿನಲ್ಲೂ ದೂರ ಇಡಬೇಕಾದ್ದು ಇದೇ. ಬಿಡುವುದಿದ್ದರೆ ಮೊದಲು ಖಾರಿ, ಟೋಸ್ಟ್, ಕ್ರೀಮ್ ಬಿಸ್ಕತ್ತು ಬಿಡಿ. ಹಿಂಡಿಯ ಸರದಿ ಕೊನೆಗೂ ಬರುವುದಿಲ್ಲ.

ಈ ತಿಂಗಳ ಕಿರಾಣಿ ಚೀಟಿ ಬರೆಯುವಾಗ ಹೊಸ ಎಣ್ಣೆ ಪ್ಯಾಕೆಟ್ಟಿನ ಮೇಲೆ ಒಡೆದ ತಾರೀಖು ಬರೆದಿಡಿ, ಸಕ್ಕರೆ ಡಬ್ಬಿಯ ಮೇಲೂ ಬರೆದಿಡಿ. ತಿಂಗಳ ಕೊನೆಗೆ ಎರಡನ್ನೂ ಎದುರಿಗಿಟ್ಟು ನೋಡಿ. ಯಾವುದನ್ನು ಇಳಿಸಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ನಿಮ್ಮ ಮನೆಯ ಲೆಕ್ಕ ಎಷ್ಟು ಬಂತು ಎಂಬುದನ್ನು ನಮಗೂ ಬರೆದು ತಿಳಿಸ್ರಿ.