ಒಂದೇ ಯಂತ್ರ, ಐದು ಕೆಲಸ

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಆರಂಭದಲ್ಲಿಯೇ ಒಂದು ಚಾಕುವನ್ನು ಹಳಿಯುತ್ತಾನೆ. ಅದು ಡೆಲ್ಫಿಯ ಚಾಕು. ಒಂದೇ ಉಪಕರಣದಿಂದ ಹಲವು ಕೆಲಸಗಳು ಸಾಗಲೆಂದು ಕಮ್ಮಾರರು ಅದನ್ನು ಕೈಬಿಗಿಹಿಡಿದು ತಯಾರಿಸುತ್ತಿದ್ದರಂತೆ. ಪ್ರಕೃತಿಯು ಹಾಗೆ ಜಿಪುಣತನ ತೋರುವುದಿಲ್ಲ. ಒಂದೊಂದು ಕಾರ್ಯಕ್ಕೆ ಒಂದೊಂದು ಸಾಧನವನ್ನೇ ಒದಗಿಸುತ್ತದೆ. ಒಂದೇ ಕಾರ್ಯಕ್ಕೆ ಮೀಸಲಾದ ಸಾಧನವೇ ಅತ್ಯುತ್ತಮವಾಗಿ ದುಡಿಯುತ್ತದೆ ಎಂಬುದು ಅವನ ವಾದ. ನಮ್ಮ ಮನೆಗಳ ಗೋಡೆಯ ಮೇಲಿರುವ ಸಂತ ಜೋಸೆಫರ ಕಾರ್ಯಾಗಾರದ ಚಿತ್ರವನ್ನು ನೋಡಿದರೂ ಅರಿಸ್ಟಾಟಲನ ಪಕ್ಷವೇ ಗೆದ್ದಂತೆ ತೋರುತ್ತದೆ. ಗರಗಸ ಒಂದೆಡೆ, ಹತ್ತರಿ ಇನ್ನೊಂದೆಡೆ, ಉಳಿ, ಬೈರಿಗೆ, ಕೊಡತಿ ತಮ್ಮ ತಮ್ಮ ಸ್ಥಾನದಲ್ಲಿ.

ಆದರೆ ಈ ಪ್ರತಿಯೊಂದು ಉಪಕರಣಕ್ಕೂ ವಿದ್ಯುತ್ ಮೋಟಾರನ್ನು ಜೋಡಿಸಿ, ಎರಕದ ಕಬ್ಬಿಣದ ಪೀಠದ ಮೇಲೆ ನಿಲ್ಲಿಸಿ, ಎಲ್ಲವನ್ನೂ ಮನೆಯೊಳಗೆ ತರಬೇಕೆಂದರೆ ಸ್ಥಳವೆಲ್ಲಿದೆ? ಹಣವೆಲ್ಲಿದೆ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸಾವಿರಾರು ಮನೆಯೊಡೆಯರಿಗೆ ಎದುರಾದ ಪ್ರಶ್ನೆ ಇದೇ. ಹೊಸ ಬಡಾವಣೆಗಳಲ್ಲಿ ಸಣ್ಣ ಮನೆಗಳು ಏಳುತ್ತಿದ್ದವು. ಬಿಡುವಿನ ವೇಳೆಯಲ್ಲಿ ಸ್ವಂತ ಕೈಯಿಂದ ಕಪಾಟು, ಕುರ್ಚಿ, ತೊಟ್ಟಿಲು ಮಾಡಿಕೊಳ್ಳುವ ಉತ್ಸಾಹವಿತ್ತು. ಇದ್ದ ಜಾಗವೆಂದರೆ ಕಾರು ನಿಲ್ಲಿಸುವ ಗ್ಯಾರೇಜಿನ ಒಂದು ಮೂಲೆ. ಜರ್ಮನಿಯಿಂದ ವಲಸೆ ಹೋಗಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದ ಹಾನ್ಸ್ ಗೋಲ್ಡ್‌ಶ್ಮಿಟ್ ಎಂಬುವರು ಆ ಮೂಲೆಗೆ ಹೊಂದುವಂತಹ ಯಂತ್ರವೊಂದನ್ನು ರೂಪಿಸಿದರು. ಶಾಪ್‌ಸ್ಮಿತ್ ಎಂಬ ಹೆಸರಿನಿಂದ ಅದು ೧೯೪೭ರ ಸುಮಾರಿಗೆ ಮಾಂಟ್‌ಗೊಮರಿ ವಾರ್ಡ್ ಮಳಿಗೆಗಳಲ್ಲಿ ಮಾರಾಟಕ್ಕೆ ಬಂದಿತು. ಅದರ ಸುಧಾರಿತ ರೂಪವಾದ ಮಾರ್ಕ್ ೫ ಐವತ್ತರ ದಶಕದ ಪೂರ್ವಾರ್ಧದಲ್ಲಿ ಹೊರಬಂದು, ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಹೆಸರಿಗೆ ಮುಖವಾಯಿತು.

ಯಂತ್ರದ ರಚನೆ ಸರಳ. ಉದ್ದವಾದ ಎರಡು ಉಕ್ಕಿನ ಕೊಳವೆಗಳು ಹಳಿಗಳಂತೆ ಮಲಗಿರುತ್ತವೆ. ಅವುಗಳ ಮೇಲೆ ಮೋಟಾರನ್ನು ಹೊತ್ತ ತಲೆಭಾಗವು ಅತ್ತಿತ್ತ ಜಾರುತ್ತದೆ. ತಿರುಗುವ ದಂಡ ಒಂದೇ. ಅದರ ತುದಿಗೆ ಏನನ್ನು ಸಿಕ್ಕಿಸುತ್ತೇವೆಯೋ ಯಂತ್ರವು ಅದಾಗುತ್ತದೆ. ಹತ್ತು ಅಂಗುಲದ ಗರಗಸದ ಚಕ್ರವನ್ನು ಸಿಕ್ಕಿಸಿದರೆ ಹಲಗೆ ಸೀಳುವ ಮೇಜು. ಉಪ್ಪುಕಾಗದ ಅಂಟಿಸಿದ ಹನ್ನೆರಡು ಅಂಗುಲದ ತಟ್ಟೆಯನ್ನು ಸಿಕ್ಕಿಸಿದರೆ ಅಂಚು ನಯಗೊಳಿಸುವ ಸಾಧನ. ಎದುರು ಬದಿಗೆ ಆಧಾರವೊಂದನ್ನು ಕೊಟ್ಟು ಮರದ ತುಂಡನ್ನು ನಡುವೆ ಹಿಡಿಸಿದರೆ ಲೇತು. ೩೪ ಅಂಗುಲ ಉದ್ದದವರೆಗಿನ ಕಂಬವನ್ನು ಅದರಲ್ಲಿ ಕಡೆಯಬಹುದು. ಬೈರಿಗೆಯ ಅಲಗನ್ನು ಸಿಕ್ಕಿಸಿದರೆ ಮಲಗಿದಂತೆಯೇ ಅಡ್ಡಲಾಗಿ ತೂತು ಕೊರೆಯುತ್ತದೆ. ಕೊಳವೆಗಳ ಒಂದು ತುದಿಯನ್ನು ಎತ್ತಿ ಇಡೀ ಯಂತ್ರವನ್ನು ನೆಟ್ಟಗೆ ನಿಲ್ಲಿಸಿದರೆ ಮೇಲಿನಿಂದ ಕೊರೆಯುವ ಡ್ರಿಲ್ ಪ್ರೆಸ್. ಕೆಲಸ ಮುಗಿದ ಮೇಲೆ ಗೋಡೆಗೆ ಒತ್ತರಿಸಿದರೆ ಅದು ಆಕ್ರಮಿಸುವ ನೆಲ ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲ. ಒಂದು ಸೈಕಲ್ ನಿಲ್ಲುವಷ್ಟು.

ಈ ಐದರಲ್ಲಿ ಅಡ್ಡಲಾಗಿ ಕೊರೆಯುವ ಕೆಲಸವನ್ನು ಕುರಿತು ಒಂದು ಮಾತು ಹೇಳಲೇಬೇಕು. ಹಲಗೆಯ ಅಂಚಿಗೆ ಅಥವಾ ಅಡ್ಡಪಟ್ಟಿಯ ಕೊನೆಗೆ ಗೂಟದ ತೂತು ಕೊರೆದು ಜೋಡಿಸುವವರಿಗೆ ಗೊತ್ತು, ಕೈಯಲ್ಲಿ ಹಿಡಿದ ಬೈರಿಗೆ ಕೂದಲೆಳೆಯಷ್ಟು ಓರೆಯಾದರೂ ಜೋಡಣೆ ಕೆಡುತ್ತದೆ. ಮೇಜಿನ ಮೇಲೆ ಹಲಗೆ ಮಲಗಿ, ಅಲಗು ಅದಕ್ಕೆ ಸಮಾನಾಂತರವಾಗಿ ಬರುವ ಈ ವ್ಯವಸ್ಥೆಗೆ ಪ್ರತ್ಯೇಕ ಯಂತ್ರ ಕೊಳ್ಳುವ ಗೃಹಸ್ಥರು ವಿರಳ.

ಇಷ್ಟೆಲ್ಲ ಸೌಕರ್ಯವಿದ್ದ ಮೇಲೆ ಅರಿಸ್ಟಾಟಲನ ದೂರಿಗೆ ಆಧಾರವೇನು ಎಂದು ಓದುಗರು ಕೇಳಬಹುದು. ಆಧಾರವಿದೆ. ಸ್ಥಳ ಮತ್ತು ಹಣದಲ್ಲಿ ಉಳಿಸಿದ್ದನ್ನು ಈ ಯಂತ್ರವು ಸಮಯದಲ್ಲಿ ವಸೂಲು ಮಾಡುತ್ತದೆ. ಗರಗಸದಿಂದ ಡ್ರಿಲ್ಲಿಗೆ ಹೋಗಬೇಕಾದರೆ ಚಕ್ರವನ್ನು ಕಳಚಬೇಕು, ಮೇಜನ್ನು ಸರಿಸಬೇಕು, ತಲೆಭಾಗವನ್ನು ಬಿಗಿಯಬೇಕು, ಕೊಳವೆಗಳನ್ನು ಎತ್ತಬೇಕು. ಅಭ್ಯಾಸವಿದ್ದವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ನಿಜವಾದ ಕಷ್ಟ ಅದಲ್ಲ. ಎಂಟು ಪಟ್ಟಿಗಳು ಬೇಕಾದಲ್ಲಿ ಏಳನ್ನೇ ಸೀಳಿ, ಯಂತ್ರವನ್ನು ಡ್ರಿಲ್ಲಾಗಿ ಬದಲಾಯಿಸಿ, ಆಮೇಲೆ ಎಂಟನೆಯದು ನೆನಪಾಯಿತೆನ್ನಿ. ಮತ್ತೆ ಗರಗಸವನ್ನು ಹೂಡಿ, ಅಳತೆಯ ಪಟ್ಟಿಯನ್ನು ಅದೇ ಗುರುತಿಗೆ ತಂದರೂ ಎಂಟನೆಯ ಪಟ್ಟಿ ಉಳಿದ ಏಳರ ತದ್ರೂಪಾಗುವುದು ಅಪರೂಪ. ಆದ್ದರಿಂದ ಸೀಳುವುದೆಲ್ಲ ಒಮ್ಮೆಗೆ, ಕೊರೆಯುವುದೆಲ್ಲ ಒಮ್ಮೆಗೆ, ಕಡೆಯುವುದೆಲ್ಲ ಒಮ್ಮೆಗೆ ಎಂಬ ಕ್ರಮವನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡವನಿಗೆ ಮಾತ್ರ ಇದು ಒಲಿಯುತ್ತದೆ. ಮಾಡತಕ್ಕ ವಸ್ತುಗಳ ವಿಷಯದಲ್ಲಿ ಸರಿಯಾದ ವಿವೇಚನೆಯೇ ಕಲೆ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸುತ್ತಾರೆ. ಬಹೂಪಯೋಗಿ ಯಂತ್ರದ ಮುಂದೆ ನಿಂತಾಗ ಆ ವ್ಯಾಖ್ಯೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಓಹಾಯೋ ರಾಜ್ಯದಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲಿ. ರಜೆಯಲ್ಲಿ ಎರಡು ವಾರ ಅಲ್ಲಿದ್ದೆ. ಅವನ ಗ್ಯಾರೇಜಿನಲ್ಲಿ ಯಾರೋ ಬಳಸಿ ಮಾರಿದ ಹಳೆಯ ಮಾರ್ಕ್ ೫ ಇದೆ. ಹಿಮ ಬೀಳುವ ತಿಂಗಳುಗಳಲ್ಲಿ ಕಾರು ಒಳಗೆ ಬರಲೇಬೇಕಾದ್ದರಿಂದ ಆ ಎರಡು ಅಡಿ ಅಗಲದ ಬೆಲೆ ಅವನಿಗೆ ಚೆನ್ನಾಗಿ ತಿಳಿದಿದೆ. ಗೋಡೆಗೆ ಓಕ್ ಮರದ ಹಲಗೆಗಳನ್ನು ಒರಗಿಸಿಟ್ಟಿದ್ದ. ಅವು ಅವನ ತಂದೆಯ, ಅಂದರೆ ನಮ್ಮ ಭಾವನವರ, ಮಂಚಕ್ಕೆಂದು ತಂದವು. ಭಾವನವರಿಗೆ ಮಂಡಿನೋವು, ಹಾಸಿಗೆಯಿಂದ ಏಳುವಾಗ ಹಿಡಿದುಕೊಳ್ಳಲು ಎರಡೂ ಬದಿಗೆ ಕೈಹಿಡಿ ಬೇಕು, ಎತ್ತರವೂ ಅವರ ಮಂಡಿಗೆ ಹೊಂದಬೇಕು. ಅಂಗಡಿಯಲ್ಲಿ ಅಂಥದ್ದು ಸಿಗುತ್ತದೆ, ಆದರೆ ಆಸ್ಪತ್ರೆಯ ಮಂಚದ ರೂಪದಲ್ಲಿ. ಅದರಲ್ಲಿ ಮಲಗುವುದಿಲ್ಲವೆಂದು ಭಾವ ಇಲ್ಲಿಂದಲೇ ಹೇಳಿಬಿಟ್ಟಿದ್ದಾರೆ.

"ಈ ಮೇಜು ಸಾಲದು ಮಾವ, ಅಗಲದ ಹಲಗೆ ಇಟ್ಟರೆ ಓಲಾಡುತ್ತದೆ. ಸುಧಾರಿಸಿದ ಹೊಸ ಮಾದರಿ ಕೈಗೆ ಬರಲಿ, ಅಪ್ಪನ ಮಂಚಕ್ಕೆ ಆಮೇಲೆ ಕೈಹಾಕುತ್ತೇನೆ" ಎಂದ.

"ಎರಡು ಚಳಿಗಾಲದಿಂದ ಇದೇ ಮಾತು ನೋಡಿ ಮಾವ" ಎಂದು ಅವನ ಹೆಂಡತಿ ಒಳಗಿನಿಂದಲೇ ಸೇರಿಸಿದಳು.

ಇಬ್ಬರಲ್ಲಿಯೂ ನ್ಯಾಯವಿತ್ತು. ಅವನ ದೂರು ಸುಳ್ಳಲ್ಲ. ಮಾರ್ಕ್ ೫ರ ಮೇಜು ಕಿರಿದು. ಸಾಮಾನ್ಯ ಗರಗಸದ ಮೇಜಿನಲ್ಲಿ ಚಕ್ರವೇ ಮೇಲೆ ಕೆಳಗೆ ಚಲಿಸುತ್ತದೆ, ಓರೆಯಾಗುತ್ತದೆ. ಇಲ್ಲಿ ಚಕ್ರ ಸ್ಥಿರ, ಮೇಜೇ ಏರಿಳಿಯಬೇಕು, ಮೇಜೇ ವಾಲಬೇಕು. ವಾಲಿದ ಮೇಜಿನ ಮೇಲೆ ಭಾರವಾದ ಹಲಗೆ ತಾನಾಗಿ ಜಾರಲು ನೋಡುತ್ತದೆ. ಮೋಟಾರಿನ ಶಕ್ತಿಯೂ ಒಂದು ಅಶ್ವಶಕ್ತಿಗಿಂತ ತುಸುವೇ ಹೆಚ್ಚು. ಗಟ್ಟಿ ಮರವನ್ನು ಅವಸರದಿಂದ ತಳ್ಳಿದರೆ ಏದುಸಿರು ಬಿಡುತ್ತದೆ.

ಈ ಕೊರತೆಗಳಲ್ಲಿ ಕೆಲವನ್ನು ನಂತರದ ಮಾದರಿಗಳು ನೀಗಿಸಿದ್ದುಂಟು. ಮೇಜುಗಳು ಹಂತಹಂತವಾಗಿ ದೊಡ್ಡವಾದವು. ೨೦೧೦ರ ಸುಮಾರಿಗೆ ಬಂದ ಹೊಸ ತಲೆಭಾಗದಲ್ಲಿ ವೇಗವನ್ನು ವಿದ್ಯುನ್ಮಾನ ಕ್ರಮದಿಂದ ನಿಯಂತ್ರಿಸುವ ವ್ಯವಸ್ಥೆ ಇತ್ತು. ಹಳೆಯದರಲ್ಲಿ ಪಟ್ಟಿ ಮತ್ತು ರಾಟೆಗಳ ಮೂಲಕ ನಿಮಿಷಕ್ಕೆ ೭೦೦ರಿಂದ ೫,೨೦೦ ಸುತ್ತುಗಳು. ಹೊಸದರಲ್ಲಿ ವೇಗ ೧೦,೦೦೦ದವರೆಗೆ ಏರುತ್ತಿತ್ತು, ದಂಡವನ್ನು ಹಿಮ್ಮುಖವಾಗಿಯೂ ತಿರುಗಿಸಬಹುದಾಗಿತ್ತು. ಹಳೆಯ ಯಂತ್ರವನ್ನು ಬಳಸಿದವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಅದರಲ್ಲಿ ಮೋಟಾರು ಓಡುತ್ತಿರುವಾಗ ಮಾತ್ರ ವೇಗದ ಗುಂಡಿಯನ್ನು ತಿರುಗಿಸಬೇಕು. ನಿಂತಿರುವಾಗ ತಿರುಗಿಸಿದರೆ ಒಳಗಿನ ಭಾಗಗಳಿಗೆ ಹಾನಿ. ಮಕ್ಕಳಿರುವ ಮನೆಯಲ್ಲಿ, ಕೈಗೆ ಸಿಕ್ಕ ಗುಂಡಿಯನ್ನು ತಿರುಗಿಸುವ ಬೆರಳುಗಳ ನಡುವೆ, ಈ ನಿಯಮವನ್ನು ಕಾಪಾಡುವುದು ಸುಲಭವಲ್ಲ.

ನನ್ನ ದೃಷ್ಟಿಯಲ್ಲಿ ಆ ಸುಧಾರಣೆಯ ದೊಡ್ಡ ಗುಣ ವೇಗದ್ದಲ್ಲ. ಹೊಸ ತಲೆಭಾಗವನ್ನು ಹಳೆಯ ಮಾರ್ಕ್ ೫ರ ಕೊಳವೆಗಳ ಮೇಲೆಯೇ ಕೂರಿಸಬಹುದಾಗಿತ್ತು. ಈ ಯಂತ್ರದ ಚರಿತ್ರೆಯನ್ನು ಬಲ್ಲವರು ಇದರ ಮಹತ್ತ್ವವನ್ನು ಲಘುವಾಗಿ ಕಾಣಲಾರರು. ಅರವತ್ತರ ದಶಕದ ಮಧ್ಯಭಾಗದಲ್ಲಿ ಇದರ ಉತ್ಪಾದನೆಯೇ ನಿಂತುಹೋಗಿತ್ತು. ಯಂತ್ರ ಕೊಂಡವರ ಮನೆಗಳಲ್ಲಿ ಅದು ಇತ್ತು, ಬಿಡಿಭಾಗಗಳಿರಲಿಲ್ಲ. ಜಾನ್ ಫೋಕರ್ತ್ ಎಂಬುವರು ತಮ್ಮ ಸ್ವಂತ ಯಂತ್ರಕ್ಕೆ ಬಿಡಿಭಾಗ ಹುಡುಕುತ್ತ ಹೊರಟು, ತಯಾರಿಸುವವರು ಯಾರೂ ಇಲ್ಲವೆಂದು ತಿಳಿದು, ಕೊನೆಗೆ ತಯಾರಿಕೆಯ ಹಕ್ಕನ್ನೇ ಕೊಂಡು, ೧೯೭೨ರಲ್ಲಿ ಓಹಾಯೋದ ಡೇಟನ್ ಪ್ರದೇಶದಲ್ಲಿ ಕಂಪನಿಯನ್ನು ಮತ್ತೆ ಕಟ್ಟಿದರು. ಒಂದು ಬಿಡಿಭಾಗಕ್ಕಾಗಿ ಕಾರ್ಖಾನೆಯನ್ನೇ ಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಆದ್ದರಿಂದ ಯಾವುದೇ ಹೊಸ ಮಾದರಿಯ ಸುದ್ದಿ ಬಂದಾಗ ಕೇಳತಕ್ಕ ಮೊದಲ ಪ್ರಶ್ನೆ, ಅದು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದಲ್ಲ. ನಮ್ಮಲ್ಲಿ ಈಗಾಗಲೇ ಇರುವ ಚಕ್ರ, ತಟ್ಟೆ, ಆಧಾರಗಳು ಅದಕ್ಕೆ ಹೊಂದುತ್ತವೆಯೇ, ತಯಾರಕನು ಅಂಗಡಿ ಮುಚ್ಚಿದರೆ ಅದರ ಬೇರಿಂಗು ಪಟ್ಟಿಗಳು ಪೇಟೆಯಲ್ಲಿ ಸಿಗುತ್ತವೆಯೇ ಎಂಬುದು. ವಿದ್ಯುನ್ಮಾನ ಫಲಕ ಕೆಟ್ಟಾಗ ಊರಿನ ಮೆಕ್ಯಾನಿಕ್ ಅದನ್ನು ಸರಿಪಡಿಸಲಾರ. ರಾಟೆ ಸವೆದರೆ ಯಾವ ಟರ್ನರನೂ ಒಂದನ್ನು ಮಾಡಿಕೊಟ್ಟಾನು.

ಎರಡನೆಯ ನಿರೀಕ್ಷೆ ಬೆರಳುಗಳದು. ೧೯೯೯ರಲ್ಲಿ ಸ್ಟೀವ್ ಗ್ಯಾಸ್ ಎಂಬ ಅಮೆರಿಕನ್ನರು ರೂಪಿಸಿದ ವ್ಯವಸ್ಥೆಯಲ್ಲಿ, ತಿರುಗುವ ಗರಗಸಕ್ಕೆ ಚರ್ಮ ತಾಗಿದ ಕೂಡಲೇ ಅಲ್ಯೂಮಿನಿಯಮ್ಮಿನ ಗಟ್ಟಿಯೊಂದು ಚಕ್ರದ ಹಲ್ಲುಗಳಿಗೆ ನುಗ್ಗಿ, ಸೆಕೆಂಡಿನ ಇನ್ನೂರರಲ್ಲೊಂದು ಭಾಗದೊಳಗೆ ಅದನ್ನು ನಿಲ್ಲಿಸುತ್ತದೆ. ಗರಗಸಕ್ಕೆಂದೇ ಕಟ್ಟಿದ ಮೇಜಿನಲ್ಲಿ ಇದಕ್ಕೆ ಸ್ಥಳವಿದೆ. ಒಂದೇ ದಂಡದ ಮೇಲೆ ಬೆಳಿಗ್ಗೆ ಗರಗಸ, ಸಂಜೆ ಲೇತು ಆಗುವ ಯಂತ್ರದಲ್ಲಿ ಆ ಗಟ್ಟಿಯನ್ನು ಎಲ್ಲಿ ಇಡುವುದು? ಡೆಲ್ಫಿಯ ಚಾಕುವಿನ ಮೇಲಿನ ಆಕ್ಷೇಪಣೆ ಇಲ್ಲಿ ಪೂರ್ಣ ಬಲದಿಂದ ನಿಲ್ಲುತ್ತದೆಂದು ಒಪ್ಪಬೇಕು. ಇದಕ್ಕೆ ಉತ್ತರ ಕೊಡುವ ಹೊಸ ಮಾದರಿಗಾಗಿ ಕಾಯುವುದು ಅರ್ಥವುಳ್ಳ ಕಾಯುವಿಕೆ. ಅದು ಬರುವ ತನಕ ಚಕ್ರದ ಮೇಲಿನ ರಕ್ಷಾಕವಚವನ್ನು ಕಳಚದಿರುವುದು, ಹಲಗೆಯನ್ನು ಕೊನೆಗೆ ಕೈಯಿಂದಲ್ಲದೆ ಕೋಲಿನಿಂದ ತಳ್ಳುವುದು, ಕೆಲಸ ಮುಗಿದೊಡನೆ ಪ್ಲಗ್ ಕಿತ್ತಿಡುವುದು, ಇವಿಷ್ಟೇ ಗತಿ.

ಯೂರೋಪಿನವರು ಇದೇ ಸಮಸ್ಯೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಆಸ್ಟ್ರಿಯದ ಫೆಲ್ಡರ್ ಮೊದಲಾದವರ ಸಂಯುಕ್ತ ಯಂತ್ರಗಳಲ್ಲಿ ಕಾಯ ಒಂದೇ, ಮೋಟಾರುಗಳು ಹಲವು. ಸೀಳುವುದಕ್ಕೂ ಹತ್ತರಿ ಹೊಡೆಯುವುದಕ್ಕೂ ಪ್ರತ್ಯೇಕ ದಂಡಗಳು. ಬದಲಾವಣೆಯ ತೊಡಕು ಕಡಿಮೆ, ಭಾರವೂ ಬೆಲೆಯೂ ಹೆಚ್ಚು. ನಮ್ಮ ಊರುಗಳ ಮರಗೆಲಸದ ಅಂಗಡಿಗಳಲ್ಲಿ ರಂದಾ ಮಷೀನೆಂದು ಕರೆಯುವ, ಮೇಜಿನಡಿಯ ಒಂದೇ ಮೋಟಾರಿನಿಂದ ನಡುವೆ ಹತ್ತರಿಯೂ ಪಕ್ಕದಲ್ಲಿ ಗರಗಸವೂ ತಿರುಗುವ ಯಂತ್ರ ಇವೆರಡರ ನಡುವಣ ಕುಲಕ್ಕೆ ಸೇರಿದ್ದು. ಅದರ ಸದ್ದನ್ನು ಕೇಳಿದವರಾರೂ ಅದನ್ನು ಮನೆಯೊಳಗೆ ಬಯಸಲಾರರು.

ಅರಿಸ್ಟಾಟಲನಿಗೆ ಅನ್ಯಾಯವಾಗದಂತೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪ್ರಾಣಿಗಳ ಅಂಗಗಳನ್ನು ಕುರಿತ ಗ್ರಂಥದಲ್ಲಿ ಅವನೇ ಮನುಷ್ಯನ ಕೈಯನ್ನು ಹೊಗಳುತ್ತಾನೆ. ಉಳಿದ ಪ್ರಾಣಿಗಳಿಗೆ ಗೊರಸು, ಕೊಂಬು, ಉಗುರು ಎಂದು ಒಂದೊಂದೇ ಸಾಧನ. ಅದನ್ನು ಅವು ಕಳಚಿಡಲಾರವು. ಕೈಯಾದರೋ ಯಾವುದನ್ನು ಹಿಡಿದರೆ ಅದಾಗುತ್ತದೆ, ಬಿಟ್ಟ ಮೇಲೆ ಮತ್ತೆ ಬರಿಗೈಯಾಗುತ್ತದೆ. ಚಾಕುವಿನಲ್ಲಿ ಕಂಡ ದೋಷವನ್ನೇ ಕೈಯಲ್ಲಿ ಗುಣವೆಂದು ಕಾಣುವುದು ಅಸಂಗತವೇನೂ ಅಲ್ಲ. ಕೈಯ ಹಿಂದೆ ಬುದ್ಧಿಯಿದೆ. ಚಾಕುವಿನ ಹಿಂದೆ ಕಮ್ಮಾರನ ಉಳಿತಾಯವಿದೆ. ಐದು ಕೆಲಸದ ಯಂತ್ರ ಈ ಎರಡರಲ್ಲಿ ಯಾವುದರ ಕಡೆಗೆ ವಾಲುತ್ತದೆ ಎಂಬುದು ಅದರ ಮುಂದೆ ನಿಂತವನು ಕ್ರಮವನ್ನು ಬರೆದುಕೊಂಡಿದ್ದಾನೆಯೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ.

ಅಳಿಯನೊಡನೆ ಕುಳಿತು ಮಂಚದ ಕೆಲಸವನ್ನು ಹೀಗೆಯೇ ಬಿಡಿಸಿ ನೋಡಿದೆವು. ಹೊಸ ಮೇಜು ಬೇಕಾಗುವುದು ತಲೆದಿಂಬಿನ ಕಡೆಯ ಎರಡು ಅಗಲದ ಹಲಗೆಗಳಿಗೆ ಮಾತ್ರ. ಅವನ್ನು ಮರದ ಅಂಗಡಿಯವರೇ ಕೂಲಿ ಪಡೆದು ಸೀಳಿಕೊಡುತ್ತಾರೆ. ಕೈಹಿಡಿಯ ಗೂಟದ ತೂತುಗಳಿಗೆ ಹಳೆಯ ಯಂತ್ರಕ್ಕಿಂತ ಉತ್ತಮವಾದುದು ಬೇಕಿಲ್ಲ. ಕಾಲುಗಳು ೩೪ ಅಂಗುಲದೊಳಗೆ ಇರುವುದರಿಂದ ಲೇತಿನಲ್ಲಿ ಹಿಡಿಯುತ್ತವೆ. ಅದಕ್ಕಿಂತ ಉದ್ದವಾದ ತಲೆಯ ಕಡೆಯ ಎರಡು ಕಂಬಗಳನ್ನು ಚೌಕವಾಗಿಯೇ ಬಿಟ್ಟರಾಯಿತು. ಹೊಸ ಮಾದರಿ ಬೇಡವೆಂದು ಅವನೂ ಹೇಳಿಲ್ಲ, ನಾನೂ ಹೇಳಿಲ್ಲ. ಅದಕ್ಕಾಗಿ ಕೂಡಿಟ್ಟ ಹಣ ಬ್ಯಾಂಕಿನಲ್ಲಿಯೇ ಇದೆ. ಕಳೆದ ವಾರ ದೂರವಾಣಿಯಲ್ಲಿ ಮಾತನಾಡುವಾಗ ಒಂದು ಕಾಲನ್ನು ಕಡೆದು ಮುಗಿಸಿದ್ದ, ಎರಡನೆಯದು ಯಂತ್ರದ ಮೇಲಿತ್ತು. ಮಂಚದ ಎತ್ತರ ಹತ್ತೊಂಬತ್ತು ಅಂಗುಲವೋ ಇಪ್ಪತ್ತೊಂದೋ ಎಂಬ ಚರ್ಚೆ ತಂದೆ ಮಕ್ಕಳ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಭಾವನವರು ನಮ್ಮ ಊರಿನ ಮನೆಯ ಮಂಚವನ್ನು ಮೊನ್ನೆ ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದರಂತೆ.