ಮಣ್ಣು, ಬೆಂಕಿ, ಮೆರುಗು

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಅಡುಗೆಮನೆಗಳಿಂದ ಒರಳುಕಲ್ಲು ಹೋಯಿತು, ತಾಮ್ರದ ಹಂಡೆ ಹೋಯಿತು; ಆದರೆ ಮೇಲರ್ಧ ಕಂದು, ಕೆಳಗರ್ಧ ಹಾಲುಬಣ್ಣದ ಉಪ್ಪಿನಕಾಯಿ ಭರಣಿ ಇನ್ನೂ ಅನೇಕ ಮನೆಗಳಲ್ಲಿ ಉಳಿದುಕೊಂಡಿದೆ. ಅದಕ್ಕೆ ಕಾರಣ ಊರಿನ ಮೇಲಣ ಮಮತೆಯೊಂದೇ ಅಲ್ಲ. ಉಪ್ಪು ಹುಳಿಗಳೊಡನೆ ತಿಂಗಳುಗಟ್ಟಲೆ ಬಾಳುವುದು ಲೋಹಕ್ಕೆ ಕಷ್ಟ. ಚೆನ್ನಾಗಿ ಬೆಂದ ಪಿಂಗಾಣಿಗೆ ಸುಲಭ. ಅಂತಹ ಭರಣಿಯನ್ನು ಯಾರೂ ಕಲಾಕೃತಿಯೆಂದು ಕರೆಯುವುದಿಲ್ಲ. ಆದರೂ ಅದರ ಭುಜದ ಇಳಿಜಾರು, ಬಾಯಿಗೆ ಬಟ್ಟೆ ಬಿಗಿಯಲು ಅನುವಾಗಿರುವ ಕೊರಳು, ಮುಚ್ಚಳ ಕುಳಿತುಕೊಳ್ಳುವ ಬಗೆ ಇವನ್ನು ಗಮನಿಸಿ ನೋಡಿದರೆ, ಉಪಯೋಗವೇ ಅದಕ್ಕೆ ಆಕಾರ ಕೊಟ್ಟಿದೆಯೆಂಬುದು ತಿಳಿಯುತ್ತದೆ.

ದಿನಬಳಕೆಯ ಪಾತ್ರೆಯೂ ಕಲೆಯೇ ಎಂಬ ನಂಬಿಕೆಯನ್ನು ಆಧುನಿಕ ಭಾರತದಲ್ಲಿ ಬಾಳಿ ತೋರಿಸಿದವರು ದೆಹಲಿಯ ಸರದಾರ್ ಗುರುಚರಣ್ ಸಿಂಗ್. ದೆಹಲಿಯ ಪಠಾಣ ಕುಂಬಾರರಾದ ಅಬ್ದುಲ್ಲಾ ಅವರ ಬಳಿ ಕೈಪಳಗಿಸಿಕೊಂಡ ಅವರು 1919ರಲ್ಲಿ ಜಪಾನಿಗೆ ತೆರಳಿದರು. ಅಲ್ಲಿ ಅವರಿಗೆ ಬರ್ನಾರ್ಡ್ ಲೀಚ್, ಶೋಜಿ ಹಮಾದಾ, ಯಾನಾಗಿ ಮೊದಲಾದವರ ಪರಿಚಯವಾಯಿತು. ಹೆಸರಿಲ್ಲದ ಹಳ್ಳಿಯ ಕುಂಬಾರ ಮಾಡಿದ ಅನ್ನದ ಬಟ್ಟಲಿನಲ್ಲಿಯೇ ಸೌಂದರ್ಯವನ್ನು ಕಂಡ ಬಳಗವದು. ಅಲ್ಲಿಂದ ಮರಳಿದ ಸಿಂಗ್ ಅವರು 1952ರಲ್ಲಿ ದೆಹಲಿಯಲ್ಲಿ ತಮ್ಮದೇ ಕುಂಬಾರಶಾಲೆಯನ್ನು ತೆರೆದರು. ಹುಮಾಯೂನನ ಸಮಾಧಿಯ ನೆರೆಯ ನೀಲಾ ಗುಂಬದದ ಹಂಚುಗಳಲ್ಲಿ ಕಾಣುವಂತಹ ನೀಲಿಯನ್ನು ಹೂಜಿ, ಬಟ್ಟಲು, ಹೂದಾನಿಗಳ ಮೇಲೆ ತಂದರು. 1991ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 1995ರಲ್ಲಿ ಅವರು ತೀರಿಕೊಂಡರು. ನಗರಗಳಲ್ಲಿ ಇಂದು ಹವ್ಯಾಸಕ್ಕಾಗಿ ತಿಗರಿಯ ಮುಂದೆ ಕೂರುವ ಅನೇಕರಿಗೆ ತಮ್ಮ ಹಾದಿಯನ್ನು ಮೊದಲು ಸವೆಸಿದವರು ಯಾರೆಂಬುದು ತಿಳಿದಿರಲಾರದು.

ಬಳಕೆಯಂತೆಯೇ ಪ್ರಕೃತಿಯೂ ಈ ಕಲೆಗೆ ಗುರು. ಚೀನಾದ ಜಿಯಾಂಗ್‌ಶಿ ಪ್ರಾಂತದ ಜೀಜೋ ಎಂಬಲ್ಲಿ 12–13ನೆಯ ಶತಮಾನಗಳಲ್ಲಿ ಮಾಡಿದ ಚಹಾ ಬಟ್ಟಲುಗಳ ಒಳಮೈಯಲ್ಲಿ ಒಂದು ಎಲೆ ಮಲಗಿರುತ್ತದೆ. ಅದು ಚಿತ್ರವಲ್ಲ. ಕಡುಗಪ್ಪು ಮೆರುಗಿನ ಮೇಲೆ ನಿಜವಾದ ಎಲೆಯನ್ನೇ ಇಟ್ಟು ಸುಡುತ್ತಿದ್ದರು. ಎಲೆ ಉರಿದುಹೋಗಿ, ಅದರ ಬೂದಿಯ ಖನಿಜಾಂಶ ಮೆರುಗಿನಲ್ಲಿ ಕರಗಿ, ನರನರವೂ ಹೊಂಬಣ್ಣದಲ್ಲಿ ಉಳಿಯುತ್ತಿತ್ತು. ಎಂಟು ಶತಮಾನಗಳ ಹಿಂದೆ ಉದುರಿದ ಎಲೆಯನ್ನು ಈಗಲೂ ಬೆರಳಿನಿಂದ ಮುಟ್ಟಬಹುದೆಂಬುದು ಸಣ್ಣ ಸಂಗತಿಯಲ್ಲ.

ಅಷ್ಟು ಕಠಿಣವಲ್ಲದ ದಾರಿಯೂ ಉಂಟು. ಹದವಾದ ಜೇಡಿಮಣ್ಣನ್ನು ಲಟ್ಟಣಿಗೆಯಿಂದ ಅಕ್ಕಿರೊಟ್ಟಿಗಿಂತ ತುಸು ದಪ್ಪವಾಗಿ ಹರಡಿ, ಕೆಸುವಿನದೋ ಅರಳಿಯದೋ ಎಲೆಯನ್ನು ಬೆನ್ನು ಕೆಳಗಾಗಿ ಇಟ್ಟು ಒತ್ತಬೇಕು. ನರಗಳು ಎದ್ದು ಕಾಣುವುದು ಎಲೆಯ ಬೆನ್ನಿನಲ್ಲಿ. ಅಂಚನ್ನು ಕತ್ತರಿಸಿ, ಬೋಗುಣಿಯೊಂದರಲ್ಲಿ ಕೂರಿಸಿದರೆ ಮಣ್ಣು ತಟ್ಟೆಯಾಗುತ್ತದೆ. ಎಲೆಯೇ ಆಗಬೇಕೆಂದಿಲ್ಲ. ಗೋಣಿಯ ನೆಯ್ಗೆ, ಮೊರದ ಹೆಣಿಗೆ, ಶಂಖದ ಸುರುಳಿ ಎಲ್ಲವೂ ಹಸಿಮಣ್ಣಿನಲ್ಲಿ ಗುರುತು ಬಿಡುತ್ತವೆ. ಚಕ್ಕುಲಿ ಒರಳಿನಿಂದ ಮಣ್ಣಿನ ಎಳೆ ತೆಗೆಯಲೂಬಹುದು. ಆದರೆ ಆ ಒರಳು ಮತ್ತೆ ಅಡುಗೆಮನೆಗೆ ಮರಳಕೂಡದು. ಅನಂತರ ತಾಳ್ಮೆ ಬೇಕು. ಬಟ್ಟೆ ಮುಚ್ಚಿ ನಿಧಾನವಾಗಿ ಆರಿಸದಿದ್ದರೆ ಅಂಚು ಮೊದಲು ಒಣಗಿ ಸೀಳುತ್ತದೆ. ಒಣಗಿ ಸುಡುವಷ್ಟರಲ್ಲಿ ಮಣ್ಣು ಸುಮಾರು ಶೇಕಡ 10ರಷ್ಟು ಕುಗ್ಗುವುದುಂಟು. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಥಟ್ಟನೆ ಹಿಗ್ಗುತ್ತವೆ; ಆವಿಗೆ ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅವಸರಪಟ್ಟು ಆವಿಗೆಯ ಬಾಯಿ ತೆರೆದವರಿಗೆ ದೊರೆಯುವುದು ಚೂರುಗಳೇ.

ಮೆರುಗೆಂದರೆ ಪಾತ್ರೆಯ ಮೈಗಂಟಿದ ತೆಳುವಾದ ಗಾಜು. ತಾಮ್ರವನ್ನು ಬೆರೆಸಿದರೆ ಹಸಿರು ಇಲ್ಲವೆ ನವಿಲುನೀಲಿ. ಅದೇ ತಾಮ್ರಕ್ಕೆ ಆವಿಗೆಯಲ್ಲಿ ಆಮ್ಲಜನಕ ಸಾಲದಾದರೆ ರಕ್ತಗೆಂಪು. ಸೌದೆಯ ಬೂದಿಯೂ 1,250 ಡಿಗ್ರಿಯ ಸುಮಾರಿಗೆ ಮಣ್ಣಿನೊಡನೆ ಬೆರೆತು ಮೆರುಗಾಗುತ್ತದೆ. ಈ ಚೆಲುವಿನ ನಡುವೆಯೇ ಒಂದು ಅಪಾಯವೂ ಅಡಗಿದೆ. ಸೀಸದ ಸಂಯುಕ್ತ ಬೆರೆತ ಮೆರುಗು ಕಡಿಮೆ ಶಾಖದಲ್ಲಿಯೇ ಕರಗುತ್ತದೆ, ಕನ್ನಡಿಯಂತೆ ಹೊಳೆಯುತ್ತದೆ. ಉರುವಲು ಉಳಿಸಬೇಕಾದವರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಆದರೆ ಸರಿಯಾಗಿ ಬೇಯದ ಇಂತಹ ಮೆರುಗಿನ ಪಾತ್ರೆಯಲ್ಲಿ ಹುಣಸೆಹುಳಿ, ನಿಂಬೆ, ಮೊಸರು ಇಟ್ಟರೆ ಹುಳಿಯು ಸೀಸವನ್ನು ಎಳೆದುಕೊಳ್ಳುತ್ತದೆ. ರುಚಿ ಕೆಡುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಎಂದು ಅದು ಬೇರೆ ಹೆಸರುಗಳಲ್ಲಿ ತಲೆಯೆತ್ತುತ್ತದೆ. ಮಕ್ಕಳಲ್ಲಿ ಕಲಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಇಷ್ಟು ಸೀಸ ನಿರಪಾಯವೆಂಬ ಮಿತಿಯೇ ಗೊತ್ತಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಣ್ಣಳತೆಯಿಂದ ಸೀಸವನ್ನು ಪತ್ತೆಹಚ್ಚಲಾಗದು. ಆದ್ದರಿಂದ ಕೊಳ್ಳುವಾಗ ಕೇಳಿ ತಿಳಿಯಬೇಕು. 1,200 ಡಿಗ್ರಿಗೂ ಮೇಲೆ ಸುಡುವ ಗಟ್ಟಿ ಪಿಂಗಾಣಿಯ ಮೆರುಗಿಗೆ ಸೀಸದ ಅಗತ್ಯವೇ ಬೀಳುವುದಿಲ್ಲ. ಕಡಿಮೆ ಶಾಖದ ತಾಮ್ರದ ನೀಲಿ ಮೆರುಗು ಸಹ ಹುಳಿಯನ್ನು ತಾಳದು. ಅದು ಹೂದಾನಿಗೆ ಒಪ್ಪುತ್ತದೆ, ಸಾರಿನ ಬಟ್ಟಲಿಗಲ್ಲ.

ಮಾಡುವವರಿಗೆ ಇನ್ನೊಂದು ಕಂಟಕ ಧೂಳು. ಹಸಿಮಣ್ಣು ನಿರುಪದ್ರವಿ, ಒಣಗಿದ ಮಣ್ಣಿನ ಸೂಕ್ಷ್ಮವಾದ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಲ್ಲುತ್ತವೆ. ವರ್ಷಗಟ್ಟಲೆ ಸೇವಿಸಿದರೆ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಅದು ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಣ್ಣು ಕಲಸುವ ಹವ್ಯಾಸಿಗಳು ಪೊರಕೆಯನ್ನು ಮುಟ್ಟದೆ ಒದ್ದೆಬಟ್ಟೆಯಿಂದಲೇ ನೆಲ ಒರೆಸಬೇಕು. ಒಣಗಿದ ಪಾತ್ರೆಯನ್ನು ಉಜ್ಜಿ ನಯಗೊಳಿಸುವಾಗ, ಮೆರುಗಿನ ಪುಡಿ ಬೆರೆಸುವಾಗ ಸಿಲಿಕಾ ಧೂಳನ್ನು ತಡೆಯಬಲ್ಲ ಮುಖವಾಡ ಧರಿಸಬೇಕು. ಕೈವಸ್ತ್ರ ಕಟ್ಟಿಕೊಂಡರೆ ಸಾಲದು. ಹೀಗೆಂದರೆ ನಗುವವರುಂಟು. ವಾರಕ್ಕೊಂದು ಗಂಟೆಯ ಹವ್ಯಾಸಿಗೆ ಭಯ ಕಡಿಮೆ, ನಿಜ. ಆದರೆ ಅದೇ ಕೋಣೆಯಲ್ಲಿ ಮಗು ಮಲಗುವುದಾದರೆ ಲೆಕ್ಕ ಬೇರೆ.

ಕ್ರಮವಾಗಿ ಕಲಿಯಬಯಸುವವರಿಗಾಗಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಕುಂಬಾರಿಕೆಯ ತರಬೇತಿ ಸಂಸ್ಥೆಯನ್ನು ನಡೆಸುತ್ತ ಬಂದಿದೆ.

ಹವ್ಯಾಸಿಗೆ ಆಯ್ಕೆಯುಂಟು, ಕಸುಬಿನವರಿಗೆ ಅದು ಕಡಿಮೆ. ಮುಂಬಯಿಯ ಧಾರಾವಿಯಲ್ಲಿರುವ ಕುಂಭಾರವಾಡದಲ್ಲಿ ಸೌರಾಷ್ಟ್ರದಿಂದ ಬಂದ ಕುಂಬಾರರು ತಲೆಮಾರುಗಳಿಂದ ಹಣತೆ, ಮಡಕೆ, ಹೂಕುಂಡಗಳನ್ನು ಮಾಡುತ್ತಿದ್ದಾರೆ. ನಗರದ ಎಷ್ಟೋ ಮನೆಗಳ ದೀಪಾವಳಿಯ ಹಣತೆ ಹುಟ್ಟುವುದು ಅಲ್ಲಿಯೇ. ಮನೆಗಳ ನಡುವೆಯೇ ಇಟ್ಟಿಗೆಯ ಆವಿಗೆಗಳಲ್ಲಿ ಹತ್ತಿಯ ಚಿಂದಿಯನ್ನು ಉರಿಸುತ್ತಾರೆ. ದಟ್ಟವಾದ ಹೊಗೆ ಆವಿಗೆಯ ಬಳಿ ದುಡಿಯುವವರ ಕಣ್ಣು, ಗಂಟಲು, ಎದೆಗಳನ್ನು ಬಿಡುವುದಿಲ್ಲ. ಅನಿಲದ ಆವಿಗೆ ಆ ಹೊಗೆಯನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು. ಆದರೆ ಚೌಕಾಶಿ ಮಾಡಿ ಕೊಳ್ಳುವ ಹಣತೆಯ ಬೆಲೆಯಲ್ಲಿ ಅನಿಲದ ಖರ್ಚು ಹುಟ್ಟುವುದು ಕಷ್ಟ.